ಕ್ಯೂ

ಮುಚ್ಚಿಹೋದ ಹಾಲಿನ ಡೈರಿಯ ಹಿಂಬದಿ
ಆರ್ವೊ ಕೆಟ್ಟುನೆನ್ನನ ಅಂಗಡಿ. ಬೋರ್ಡಿಲ್ಲ.
ಬಾಗಿಲು ತಳ್ಳಿದರೆ ಮೊದಲು ಎದುರಾಗುವುದು ವಾಸನೆ:
ಆಗಷ್ಟೇ ಸೀಳಿದ ಮೇಪಲ್, ಅಂಟು, ನಿನ್ನೆಯ ಕಾಫಿ.
ಆಮೇಲೆ ಅವನು.

ಡುಲೂತಿನಲ್ಲಿ ಆವತ್ತು ಸೊನ್ನೆಗಿಂತ ಇಪ್ಪತ್ತು ಕೆಳಗೆ.
ರಾತ್ರಿಯೆಲ್ಲ ಹಿಮ ತಳ್ಳುವ ಲಾರಿ ಓಡಿಸಿ
ಬೂಟು ಬಿಚ್ಚದೆ ನೇರ ಬಂದಿದ್ದೆ.
ಕಂಕುಳಲ್ಲಿ ಒಂದು ತಗಡಿನ ಡಬ್ಬಿ,
ನಾಲ್ಕು ವರ್ಷದ ಶುಕ್ರವಾರಗಳು ಅದರೊಳಗೆ
ಚಿಲ್ಲರೆಯಾಗಿ ಗಲಗಲ ಅನ್ನುತ್ತಿದ್ದವು.

‘ಒಂದು ಕ್ಯೂ ಮಾಡಿಕೊಡಬೇಕು’ ಅಂದೆ.
‘ಕ್ಯೂನಲ್ಲಿ ನಿಲ್ಲಬೇಕು’ ಅಂದ, ನಗದೆ.
ಮೊಳೆಗೆ ಸಿಕ್ಕಿಸಿದ ಪಟ್ಟಿ: ನನ್ನ ಮುಂದೆ ನಲವತ್ತೊಂದು ಹೆಸರು.
ಅದರಲ್ಲಿಬ್ಬರು ತೀರಿಕೊಂಡಿದ್ದಾರೆ,
ಆದರೂ ಅವರ ಸರದಿ ಅವರದೇ.

ಡಬ್ಬಿ ಮುಂದಿಟ್ಟೆ. ಮುಟ್ಟಲಿಲ್ಲ.
‘ಮುಂಗಡ ತಗೊಳ್ಳೋದಿಲ್ಲ. ನನಗೆ ಎಪ್ಪತ್ತೊಂದು.
ನಡುವೆ ನಾನು ಹೋದರೆ ಯಾರನ್ನು ಕೇಳ್ತೀ?’

ಆಮೇಲೆ ಪೆನ್ಸಿಲು ಕಿವಿಯಿಂದ ಇಳಿಯಿತು.
ತೂಕ? ಹತ್ತೊಂಬತ್ತು ಔನ್ಸ್.
ಹಿಡಿಗೆ ದಾರವೋ ತೊಗಲೋ? ದಾರ.
ಬೆವರ್ತೀಯಾ? ಗೆಲ್ಲುವಾಗ ಮಾತ್ರ.
ತೋಳು ಚಾಚು ಅಂದ, ಚಾಚಿದೆ,
ದರ್ಜಿಯ ಹಾಗೆ ಟೇಪು ಹಿಡಿದು ಅಳೆದ.
ಗೇರು ಹಾಕಿ ಹಾಕಿ ಗಟ್ಟಿಯಾದ ಅಂಗೈಯನ್ನು
ತಿರುಗಿಸಿ ಮರುಗಿಸಿ ನೋಡಿದ,
ಸಂತೆಯಲ್ಲಿ ಬದನೆಕಾಯಿ ನೋಡುವವನಂತೆ.
ಕೊನೆಗೆ: ‘ಸೋತಾಗ ಕೋಲನ್ನು ಎಲ್ಲಿಡ್ತೀಯ?’
ಗೋಡೆಗೆ ಒರಗಿಸ್ತೀನಿ ಅಂದೆ.
ಪೆನ್ಸಿಲು ನಿಂತಿತು.
‘ಒರಗಿಸಬೇಡ. ಮರ ಬೇಗ ಕಲೀತದೆ.
ಬಾಗೋದನ್ನ ಎಲ್ಲಕ್ಕಿಂತ ಬೇಗ.’

ಒಳಗೆ, ಕತ್ತಲ ಕೋಣೆಯಲ್ಲಿ,
ಬಾವಲಿಗಳ ಹಾಗೆ ತೂಗುಬಿದ್ದ ಉದ್ದನೆ ಕಡ್ಡಿಗಳು.
ಒಂದು ಪದರ ಹೆರೆದು ಬಿಡುತ್ತಾನಂತೆ,
ಮೂರು ತಿಂಗಳು ಮಾತಾಡಿಸುವುದಿಲ್ಲ,
ಮತ್ತೊಂದು ಪದರ, ಮತ್ತೆ ಮೂರು ತಿಂಗಳು.
ನನ್ನದಕ್ಕೆ ಆರಿಸಿದ್ದು ಸರೋವರದಡಿಯ ದಿಮ್ಮಿ,
ಯಾವುದೋ ತೆಪ್ಪದಿಂದ ಜಾರಿ
ನೂರು ಚಳಿಗಾಲ ತಣ್ಣಗೆ ಮುಳುಗಿದ್ದದ್ದು.
‘ಇದಕ್ಕೆ ಅವಸರ ಅಂದರೇನು ಗೊತ್ತಿಲ್ಲ’ ಅಂದ.
ನನಗೆ ಗೊತ್ತಿತ್ತು.

ಲೊರೇನ್ ಸ್ಕೋಗ್ಲುಂಡಳ ಕ್ಯೂ ಮೇಲೆ
ಮುತ್ತಿನ ಚಿಪ್ಪಿನಲ್ಲಿ ಅವಳ ಹೆಸರಿದೆ.
ನನಗೂ ಬೇಕು, ಎಂಟು ಚೂಪು ಗರಿ,
ಬುಡದಿಂದ ಸುತ್ತಿ ಏರುವ ಹಸಿರು ಹಾವು.
ಕಾರ್ಡು ಬರೆದೆ. ಉತ್ತರ ಒಂದೇ ಸಾಲು:
‘ಹಾವೂ ಕೋಲೂ ಜೊತೆಗಿದ್ದ ಕತೆ
ಎಲ್ಲೂ ಚೆನ್ನಾಗಿ ಮುಗಿದಿಲ್ಲ.’
ಸರಿ, ಹಾವು ಬೇಡ.
ಮರುವರ್ಷ ಗರಿ ನಾಲ್ಕು ಸಾಕೆಂದೆ.
ಅದರ ಮರುವರ್ಷ, ಹೆದ್ದಾರಿಯಲ್ಲಿ ಲಾರಿ ಮಗುಚಿ
ಹಿಮದೊಳಗೆ ಎರಡು ತಾಸು ತಲೆಕೆಳಗಾಗಿ ನೇತಾಡಿ,
(ಆ ಕಡ್ಡಿಗಳು ನೆನಪಾದವು, ಸುಳ್ಳಲ್ಲ)
ಆಸ್ಪತ್ರೆಯಿಂದ ಬರೆದೆ: ಹೆಸರೂ ಬೇಡ.
ಅದಕ್ಕೆ ಉತ್ತರ ಬರಲಿಲ್ಲ.

ಮೂರು ವರ್ಷ ಏಳು ತಿಂಗಳು. ಫೋನು.
ಹಳೆಯ ದಿಂಬಿನ ಚೀಲದಿಂದ ಎಳೆದು ಕೊಟ್ಟ.
ಮರ. ದಾರ. ಹಿತ್ತಾಳೆಯ ಒಂದು ಉಂಗುರ.
ಅಷ್ಟೇ.
ಗಾಜಿನ ಹಲಗೆ ಮೇಲೆ ಉರುಳಿಸಿದ,
ಕೆಳಗೆ ಬೆಳಕಿನ ಎಳೆ ಕೂಡ ನುಸುಳಲಿಲ್ಲ.
ದುಡ್ಡನ್ನು ಎರಡು ಸಲ ಎಣಿಸಿಕೊಂಡ.
ಬಾಗಿಲ ತನಕ ಬಂದು, ಯಾರದೋ ಗುಟ್ಟು ಹೇಳುವಂತೆ:
‘ದಾರದ ಕೆಳಗೆ ಒಂದನ್ನು ಕೂರಿಸಿದ್ದೀನಿ.
ನೋಡಬೇಕಾದರೆ ದಾರ ಕುಯ್ಯಬೇಕು.
ಕುಯ್ಯಬೇಡ.’

ಆ ಶುಕ್ರವಾರವೇ ಸೋತೆ.
ಕಪ್ಪು ಚೆಂಡಿನ ಹಿಂದೆಯೇ ಬಿಳಿಯದೂ
ನಿಧಾನ, ಬಹಳ ನಿಧಾನ, ಗುಳಿಗೆ ಬಿತ್ತು.
ಲೊರೇನ್ ಹುಬ್ಬೇರಿಸಿದಳು:
‘ಇದಕ್ಕಾ ಅಷ್ಟು ವರ್ಷ?’
ಕೈ ಗೋಡೆಯ ಕಡೆ ಹೋಗಿ, ಅರ್ಧಕ್ಕೇ ತಿರುಗಿ ಬಂತು.
ಕೋಲನ್ನು ಮಡಿಲ ಮೇಲೆ ಅಡ್ಡ ಇಟ್ಟುಕೊಂಡು ಕೂತೆ.
ಹೆಬ್ಬೆರಳು ತನ್ನಷ್ಟಕ್ಕೆ ದಾರದ ಮೇಲೆ ಓಡಾಡಿತು.
ಏನೂ ತಾಗಲಿಲ್ಲ. ಇಲ್ಲ, ಏನೋ.
ಇಲ್ಲ.

ಎದ್ದು ಮೇಜಿನ ಅಂಚಿಗೆ ನನ್ನ ನಾಣ್ಯ ಇಟ್ಟೆ.
ಅದರ ಮುಂದೆ ಮೂರು ನಾಣ್ಯಗಳಿದ್ದವು.